ತಳ ಕಾಣದ ಕುಡಿಕೆ

ಆಗ ಲೋಕ ಹೊಸದು. ಎಷ್ಟು ಹೊಸದು ಅಂದರೆ, ಬಂಡೆಗಳು ಇನ್ನೂ ಬೆಚ್ಚಗಿದ್ದವು. ಹೊಳೆಗೆ ತಾನು ಯಾವ ಕಡೆ ಹರಿಯಬೇಕೆಂದು ಸರಿಯಾಗಿ ಗೊತ್ತಿರಲಿಲ್ಲ. ಒಂದು ದಿನ ಈ ಕಡೆ ಹರಿದು, ಮರುದಿನ "ಅಯ್ಯೋ, ದಾರಿ ತಪ್ಪಿತು" ಎಂದು ಆ ಕಡೆ ಹರಿಯುತ್ತಿತ್ತು.

ಆಗ ಎಲ್ಲರಿಗೂ ಮಾತು ಬರುತ್ತಿತ್ತು. ಹೊಳೆ ಮಾತಾಡುತ್ತಿತ್ತು, ಗಾಳಿ ಮಾತಾಡುತ್ತಿತ್ತು, ಮನುಷ್ಯರಂತೂ ಈಗಿನ ಹಾಗೆಯೇ ಬಾಯಿ ಮುಚ್ಚುತ್ತಿರಲಿಲ್ಲ. ಆದರೆ ಮನುಷ್ಯರ ಕಿವಿ ಮಾತ್ರ ಈಗಿನ ಹಾಗಿರಲಿಲ್ಲ, ತುಂಬಾ ಚುರುಕಾಗಿತ್ತು. ಕಣ್ಣಿಗೆ ಕಾಣದವರ ಮಾತೂ ಅವರಿಗೆ ಕೇಳಿಸುತ್ತಿತ್ತು.

ಕಣ್ಣಿಗೆ ಕಾಣದವರು ಅಂದರೆ ದೆವ್ವಗಳಲ್ಲ ಪುಟ್ಟಾ, ಹೆದರಬೇಡ. ಅವರು ಬಹಳ ಸಣ್ಣವರು, ಅಷ್ಟೆ. ಒಂದು ಸಾಸಿವೆ ಕಾಳಿನ ಮೇಲೆ ಅವರದೊಂದು ಊರೇ ಕೂರಬಹುದು. ಅವರಲ್ಲಿ ಮುಕ್ಕಾಲು ಪಾಲು ಒಳ್ಳೆಯವರು. ಹಾಲನ್ನು ಮೊಸರು ಮಾಡುವವರು, ಉದುರಿದ ಎಲೆಯನ್ನು ಮಣ್ಣು ಮಾಡುವವರು. ಹಾಲಿನ ಗಡಿಗೆಗೆ ಕಿವಿಯಿಟ್ಟರೆ ಅವರು ಗುನುಗುತ್ತಾ ಕೆಲಸ ಮಾಡುವುದು ಕೇಳಿಸುತ್ತಿತ್ತು.

ಎಲ್ಲರೂ ಹೆದರುತ್ತಿದ್ದದ್ದು ಕೀವಿನ ಕುಲದವರಿಗೆ. ಮೈಮೇಲೆ ಒಂದು ಗೀರು ಬಿದ್ದರೆ ಸಾಕು, ಅವರಿಗೆ ಅದೇ ತೆರೆದ ಬಾಗಿಲು. ಕರೆಯದೆ ಬರುವರು, ಹೋಗೆಂದರೆ ಹೋಗರು. ಒಳಗೆ ಕೂತು ಒಂದೇ ಹಾಡು ಹಾಡುವರು. "ತಿನ್ನೋಣ, ಬೆಳೆಯೋಣ. ತಿನ್ನೋಣ, ಬೆಳೆಯೋಣ." ಒಬ್ಬ ಇಬ್ಬರಾಗುವನು, ಇಬ್ಬರು ನಾಲ್ವರಾಗುವರು. ಗಾಯ ಊದಿಕೊಂಡು ಬಿಸಿಯಾಗುವುದು. ಆಮೇಲೆ ಅಲ್ಲಿಂದ ಒಂದು ಕೆಂಪು ಗೆರೆ ಹೊರಟು ಮೈಮೇಲೆ ಹತ್ತುವುದು. ಆ ಗೆರೆ ಎದೆ ಮುಟ್ಟಿದವರು ಯಾರೂ ಉಳಿದಿರಲಿಲ್ಲ.

ಹೊಳೆಯ ದಡದಲ್ಲಿ ಬಂಡೆಹಟ್ಟಿ ಅಂತ ಒಂದು ಊರಿತ್ತು. ಆ ಊರಿನವರು ಹಸಿವನ್ನು ಕಣ್ಣಾರೆ ಕಂಡವರು. ಒಂದು ಬೇಸಿಗೆಯಲ್ಲಿ ಊರಿನ ಎಲ್ಲ ಗಡಿಗೆಗಳ ತಳವೂ ಒಟ್ಟಿಗೇ ಕಂಡುಬಿಟ್ಟಿತ್ತು. ಆ ಬೇಸಿಗೆಯನ್ನು ದಾಟಿ ಉಳಿದವರು ಒಂದು ಪದ್ಧತಿ ಮಾಡಿಕೊಂಡರು. ಇನ್ನು ಮೇಲೆ ಯಾವ ಪಾತ್ರೆಯ ತಳವೂ ಕಾಣಬಾರದು. ಅಂಬಲಿ ಗಡಿಗೆಯಲ್ಲಿ ಒಂದು ಗುಟುಕು ಬಿಡಬೇಕು, ಎಣ್ಣೆ ಕುಡಿಕೆಯಲ್ಲಿ ಒಂದು ತೊಟ್ಟು ಬಿಡಬೇಕು, ನೀರಿನ ಕೊಡದಲ್ಲಿ ಒಂದು ಬೊಗಸೆ ಬಿಡಬೇಕು.

"ಮುಗೀತು" ಎನ್ನುವ ಮಾತನ್ನೇ ಆ ಊರಿನಲ್ಲಿ ಯಾರೂ ಆಡುತ್ತಿರಲಿಲ್ಲ. ಊಟವಾದ ಮೇಲೆ ಗಡಿಗೆ ಮುಚ್ಚುತ್ತಾ "ಉಳಿದೈತೆ" ಎನ್ನುತ್ತಿದ್ದರು. ಮದುವೆಯಲ್ಲೂ ಅದೇ ಮಾತು, ಮಗು ಹುಟ್ಟಿದರೂ ಅದೇ ಮಾತು. ಉಳಿದೈತೆ.

ಆ ಊರಿನಲ್ಲಿ ದ್ಯಾವಿ ಅಂತ ಒಬ್ಬಳಿದ್ದಳು. ಊರಿನ ಕಾಯಿಲೆಯವರನ್ನೆಲ್ಲ ನೋಡಿಕೊಳ್ಳುವ ಕೆಲಸ ಅವಳದು. ದೊಡ್ಡ ಬಂಡೆಯ ಕೆಳಗೆ ತಂಪಾದ ಗವಿಯೊಂದಿತ್ತು. ಅಲ್ಲಿ ಹುಲ್ಲು ಹಾಸಿ ಜ್ವರದವರನ್ನೂ ಗಾಯದವರನ್ನೂ ಸಾಲಾಗಿ ಮಲಗಿಸುತ್ತಿದ್ದರು. ದ್ಯಾವಿ ಒಂದು ಕೈಯಲ್ಲಿ ನೀರಿನ ಮಡಕೆ, ಇನ್ನೊಂದು ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು ಒಬ್ಬರಿಂದ ಒಬ್ಬರ ಹತ್ತಿರ ಹೋಗುತ್ತಿದ್ದಳು. ಎಲ್ಲರಿಗೂ ಅದೇ ಬಟ್ಟೆ, ಅದೇ ಕೈ. ಅದರಲ್ಲಿ ತಪ್ಪೇನಿದೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಅವಳ ಕೈ ತಾಗಿದರೆ ಅರ್ಧ ಕಾಯಿಲೆ ಹೋಯಿತು ಎಂದು ಊರೇ ಹೇಳುತ್ತಿತ್ತು.

ದ್ಯಾವಿಗೆ ಒಬ್ಬಳೇ ಮಗಳು, ಚಿಗರಿ. ಹೆಸರಿಗೆ ತಕ್ಕ ಹಾಗೆ ನಿಂತಲ್ಲಿ ನಿಲ್ಲದ ಹುಡುಗಿ. ಹೊಳೆಯಲ್ಲಿ ಏಡಿ ಹಿಡಿಯಲು ಹೋಗಿ ಚಿಪ್ಪಿನ ಮೇಲೆ ಕಾಲಿಟ್ಟಳು. ಅಂಗಾಲು ಸೀಳಿತು. ಕುಂಟುತ್ತಾ ಬಂದವಳು "ಏನಿಲ್ಲ ಬಿಡವ್ವಾ" ಎಂದಳು. ದ್ಯಾವಿ ಗಾಯ ತೊಳೆದು ಬಟ್ಟೆ ಕಟ್ಟಿದಳು.

ಮರುದಿನ ಮಗಳ ಕಾಲು ಎತ್ತಿ ಕಿವಿಗೆ ಹಿಡಿದಳು. ಗಾಯದ ಒಳಗಿಂದ ಹಾಡು ಕೇಳಿಸಿತು. "ತಿನ್ನೋಣ, ಬೆಳೆಯೋಣ. ತಿನ್ನೋಣ, ಬೆಳೆಯೋಣ." ಇಂಥ ಹಾಡನ್ನು ಅವಳು ಬೇರೆಯವರ ಮಕ್ಕಳ ಗಾಯದಲ್ಲಿ ಎಷ್ಟೋ ಸಲ ಕೇಳಿದ್ದಳು. ಆ ಮಕ್ಕಳನ್ನು ಎಲ್ಲಿ ಮಣ್ಣು ಮಾಡಿದರು ಎಂಬುದೂ ಅವಳಿಗೆ ಗೊತ್ತಿತ್ತು.

ಕೆಂಪು ಗೆರೆ ಹಿಮ್ಮಡಿ ಹತ್ತಿತು. ಆಮೇಲೆ ಮೀನಖಂಡ ಹತ್ತಿತು. ಮಂಡಿ ಹತ್ತಿತು.

ದ್ಯಾವಿ ಹೊಳೆಯ ಹತ್ತಿರ ಓಡಿದಳು. "ಹೊಳೆಯವ್ವಾ, ನನ್ನ ಮಗಳನ್ನು ಉಳಿಸು."

"ಮೇಲಿನ ಕೊಳೆ ತೊಳೀಬಲ್ಲೆ ತಾಯಿ," ಎಂದಿತು ಹೊಳೆ. "ಒಳಗೆ ಹೋದೋರನ್ನ ತೊಳೆಯೋಕೆ ನನ್ನ ಕೈಲಿ ಆಗಲ್ಲ. ಗಾಳಿಯನ್ನ ಕೇಳು. ಅವನು ಎಲ್ಲರ ಮನೆ ಸುದ್ದಿ ಬಲ್ಲವನು."

ಗಾಳಿ ಬಂಡೆಗಳ ಸಂದಿಯಿಂದ ಬಂದ. ಅವನ ದನಿಯೂ ತಗ್ಗಿತ್ತು. "ಕೀವಿನ ಕುಲದೋರು ಒಬ್ಬಳಿಗೆ ಮಾತ್ರ ಹೆದರ್ತಾರೆ. ಬೂಷ್ಟಜ್ಜಿಗೆ. ಕುಂಬಳದ ಹಿತ್ತಲ ಮೂಲೆಗೆ ಹೋಗು. ಮೆತ್ತಗೆ ಮಾತಾಡು. ಅವಳಿಗೆ ಸಿಟ್ಟು ಜಾಸ್ತಿ."

ಹಿತ್ತಲ ಮೂಲೆಯಲ್ಲಿ ಒಂದು ಕುಂಬಳಕಾಯಿ ಕೊಳೆತು ಬಿದ್ದಿತ್ತು. ಅದರ ಮೇಲೆ ಬೂಷ್ಟಜ್ಜಿ ಕೂತಿದ್ದಳು. ಹಸಿರು ಸೀರೆ, ಬಿಳಿ ಅಂಚು. ಅವಳ ಸುತ್ತ ಒಂದು ಬಳೆಯಷ್ಟಗಲ ಯಾವ ಸದ್ದೂ ಇರಲಿಲ್ಲ. ಕಣ್ಣಿಗೆ ಕಾಣದವರು ಯಾರೂ ಆ ಸುತ್ತು ದಾಟಿ ಅವಳ ಹತ್ತಿರ ಬರುತ್ತಿರಲಿಲ್ಲ.

"ಕೊಳೆತಿದ್ದು ಅಂತ ಮೂಗು ಮುಚ್ಚಿಕೊಂಡು ದೂರ ಹೋಗೋ ಜನ," ಎಂದಳು ಬೂಷ್ಟಜ್ಜಿ, "ಇವತ್ತು ಯಾಕೆ ಬಂದಿದ್ದು?"

ದ್ಯಾವಿ ಅಳುತ್ತಾ ಮಗಳ ಗಾಯದ ಮಾತು ಹೇಳಿದಳು. ಅಜ್ಜಿ ಎಲ್ಲ ಕೇಳಿಸಿಕೊಂಡಳು. ಆಮೇಲೆ ತನ್ನ ಮೈಯಿಂದ ತೊಟ್ಟು ತೊಟ್ಟಾಗಿ ಕಹಿ ನೀರು ಬಸಿದು ಒಂದು ಮಣ್ಣಿನ ಕುಡಿಕೆ ತುಂಬಿಸಿದಳು.

"ಬೆಳಿಗ್ಗೆ ಒಂದು ಗುಟುಕು, ಸಂಜೆ ಒಂದು ಗುಟುಕು. ಕುಡಿಕೆಯ ತಳ ಕಾಣೋವರೆಗೂ ಕುಡಿಸು. ಮಗು ಎದ್ದು ಓಡಾಡಿದ್ರೂ ಕುಡಿಸು, ಬ್ಯಾಡ ಅಂತ ಅತ್ತರೂ ಕುಡಿಸು. ನನ್ನ ಕಹಿಗೆ ಮೊದಲು ಸಾಯೋರು ಮೆತ್ತನೆಯವರು. ದಪ್ಪ ಚರ್ಮದೋರು ಕೊನೇ ಗುಟುಕಿಗೆ ಸಾಯೋದು. ಒಬ್ಬ ಉಳಿದರೂ ಅವನಿಗೆ ನನ್ನ ರುಚಿ ಗೊತ್ತಾಗುತ್ತೆ. ತಿಳೀತಾ?"

"ತಿಳೀತಜ್ಜಿ," ಎಂದಳು ದ್ಯಾವಿ. ಕುಡಿಕೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಓಡಿದಳು.

ಚಿಗರಿ ಮೊದಲ ಗುಟುಕು ಕುಡಿದು ಮುಖ ಕಿವುಚಿದಳು. ಗಾಯದ ಒಳಗಿನ ಹಾಡು ತಡವರಿಸಿತು. ಇನ್ನೊಂದು ಗುಟುಕು. ಹಾಡಿನಲ್ಲಿ ದನಿಗಳು ಕಡಿಮೆಯಾದವು. ಕೆಂಪು ಗೆರೆ ಮಂಡಿಯಿಂದ ಇಳಿಯಿತು. ಮೀನಖಂಡದಿಂದ ಇಳಿಯಿತು. ಹಿಮ್ಮಡಿಯಿಂದಲೂ ಇಳಿಯಿತು. ಒಂದು ಬೆಳಿಗ್ಗೆ ಚಿಗರಿ ಎದ್ದು ಕೂತು "ಅವ್ವಾ, ಹಸಿವು" ಎಂದಳು. ದ್ಯಾವಿ ಅಂಬಲಿ ಕಲಸುತ್ತಾ ಅತ್ತಳು, ಅಳುತ್ತಾ ನಕ್ಕಳು.

ಕುಡಿಕೆಯಲ್ಲಿ ಇನ್ನೊಂದು ಗುಟುಕು ಇತ್ತು.

ದ್ಯಾವಿ ಕುಡಿಕೆ ಎತ್ತಿದಳು. ಚಿಗರಿ ಬಾಯಿಗೆ ಎರಡೂ ಕೈ ಅಡ್ಡ ಹಿಡಿದಳು. "ಬ್ಯಾಡವ್ವಾ, ಕಹಿ! ನಂಗೆ ಆರಾಮೈತೆ."

ಬಾಗಿಲಲ್ಲಿ ಕೂತಿದ್ದ ಅತ್ತೆ ಈರವ್ವ ತಿರುಗಿ ನೋಡಿದಳು. ಆ ಹಸಿದ ಬೇಸಿಗೆಯಲ್ಲಿ ಎರಡು ಮಕ್ಕಳನ್ನು ಕಳೆದುಕೊಂಡವಳು ಅವಳು. "ಏನೇ ಮಾಡ್ತಿದೀಯ? ತಳ ತೋರಿಸ್ತೀಯೇನು?"

"ಅಜ್ಜಿ ಹೇಳ್ಯಾಳೆ ಅತ್ತೆ. ತಳ ಕಾಣೋತನಕ ಕುಡಿಸಬೇಕಂತೆ."

"ಕೊಳೆತ ಕುಂಬಳದ ಮೇಲೆ ಕೂರೋಳಿಗೆ ಏನು ಗೊತ್ತು ಬರ ಅಂದ್ರೆ? ಮಗು ಎದ್ದು ಕೂತೈತಲ್ಲ, ಕಾಣ್ತಿಲ್ವಾ? ನಾಳೆ ಮತ್ತೆ ಜ್ವರ ಬಂದ್ರೆ ಎಲ್ಲಿಂದ ತರ್ತೀ? ಒಂದು ಗುಟುಕು ಇಡು. ಮನೇಲಿ ಮದ್ದಿದ್ರೆ ಎದೇಲಿ ಧೈರ್ಯ ಇರುತ್ತೆ."

ಈರವ್ವನದೂ ಪ್ರೀತಿಯೇ ಪುಟ್ಟಾ, ಅವಳನ್ನು ಬೈಯಬೇಡ. ದ್ಯಾವಿಯ ಕೈ ಅಲ್ಲೇ ನಿಂತಿತು. ಹುಟ್ಟಿದಾಗಿನಿಂದ ಒಂದು ಪಾತ್ರೆಯ ತಳವನ್ನೂ ಕಾಣದ ಕೈ ಅದು. ಅವಳು ಮಗಳ ಕಾಲನ್ನು ಇನ್ನೊಂದು ಸಲ ಕಿವಿಗೆ ಹಿಡಿದಳು. ಹಾಡು ನಿಂತಿತ್ತು. ಆದರೆ ತುಂಬಾ ಒಳಗೆ, ತುಂಬಾ ಸಣ್ಣಗೆ, ಒಬ್ಬನೇ ಒಬ್ಬ ಏದುಸಿರು ಬಿಡುತ್ತಿದ್ದ ಹಾಗಿತ್ತು.

ಮಗಳ ನಾಡಿ ಇರಬೇಕು ಎಂದುಕೊಂಡಳು ದ್ಯಾವಿ. ಹಾಗೆ ಅಂದುಕೊಳ್ಳುವುದು ಅವಳಿಗೆ ಬೇಕಾಗಿತ್ತು. ಕುಡಿಕೆಯ ಬಾಯಿಗೆ ಎಲೆ ಕಟ್ಟಿ ಗೂಡಿನಲ್ಲಿಟ್ಟಳು. "ಉಳಿದೈತೆ" ಎಂದಳು. "ಉಳಿದೈತೆ" ಎಂದಳು ಈರವ್ವನೂ.

ಗಾಯದ ಒಂದು ಮಡಿಕೆಯಲ್ಲಿ ಅವಿತಿದ್ದವನಿಗೂ ಆ ಮಾತು ಕೇಳಿಸಿತು. ಅವನ ಹೆಸರು ಮೊಂಡ. ಕುಲದವರೆಲ್ಲ ಸತ್ತಿದ್ದರು, ಅವನೂ ಸಾಯುವುದರಲ್ಲಿದ್ದ. ಇನ್ನೊಂದು ಗುಟುಕು ಬಂದರೆ ತನ್ನ ಕಥೆಯೂ ಇಷ್ಟೇ ಎಂದು ನಡುಗುತ್ತಾ ಕಾದಿದ್ದ. ಸಂಜೆಯಾಯಿತು, ಗುಟುಕು ಬರಲಿಲ್ಲ. ಬೆಳಗಾಯಿತು, ಗುಟುಕು ಬರಲಿಲ್ಲ. ಮೊಂಡ ಮೆಲ್ಲಗೆ ಎದ್ದು ಕೂತ. ಸುತ್ತ ಅಂಟಿದ್ದ ಕಹಿಯನ್ನು ನೆಕ್ಕಿ ನೋಡಿದ. ಅದನ್ನು ತಡೆಯುವ ಹಾಗೆ ಒಂದು ಕವಚ ಹೊಲಿದುಕೊಂಡ. ಆಮೇಲೆ ಒಬ್ಬ ಇಬ್ಬರಾದ, ಇಬ್ಬರು ನಾಲ್ವರಾದರು. ಹುಟ್ಟಿದ ಪ್ರತಿಯೊಬ್ಬನೂ ಕವಚ ತೊಟ್ಟುಕೊಂಡೇ ಹುಟ್ಟಿದ.

ದ್ಯಾವಿ ಗವಿಯ ಕೆಲಸಕ್ಕೆ ಮರಳಿದ್ದಳು, ಕಾಲು ಮಾಯುವವರೆಗೆ ಮಗಳನ್ನೂ ಅಲ್ಲೇ ಮಲಗಿಸಿಕೊಂಡಿದ್ದಳು. ಮಗಳ ಕಾಲು ಒರೆಸಿ, ಅದೇ ಬಟ್ಟೆಯಿಂದ ಪಕ್ಕದವರ ಹುಣ್ಣು ಒರೆಸಿದಳು. ಪಕ್ಕದವರ ಹುಣ್ಣು ಒರೆಸಿ, ಕೆಂಚಿಯ ಎಳೆಗೂಸಿನ ಕುತ್ತಿಗೆಯ ಮೇಲಿದ್ದ ಕುರು ಒರೆಸಿದಳು. ಸಣ್ಣ ಕುರು. ಕೆಂಚಿ ಪಕ್ಕದ ಮನೆಯ ಹುಡುಗಿ, ಅದು ಅವಳಿಗೆ ಚೊಚ್ಚಲ ಕೂಸು. "ನಿನ್ನ ಕೈ ತಾಗಿತಲ್ಲಕ್ಕ, ಇನ್ನು ಭಯ ಇಲ್ಲ" ಎಂದಳು ಕೆಂಚಿ.

ಮಧ್ಯಾಹ್ನ. ಹೊರಗೆ ಬಿಸಿಲು ಸುಡುತ್ತಿತ್ತು, ಗವಿಯಲ್ಲಿ ಎಲ್ಲರೂ ಮಲಗಿದ್ದರು. ದ್ಯಾವಿ ದಣಿದು ಗೋಡೆಗೆ ಒರಗಿ ಕೂತು ಕೆನ್ನೆಗೆ ಕೈ ಆನಿಸಿಕೊಂಡಳು. ಹಾಗೆ ಆನಿಸಿಕೊಂಡಾಗ ಅಂಗೈ ಕಿವಿಗೆ ತಾಗಿತು.

"ಉಳಿದೀನಿ," ಎಂದಿತು ಅಂಗೈ.

ದ್ಯಾವಿ ತಟ್ಟನೆ ಕೈ ತೆಗೆದಳು. ಸುತ್ತ ನೋಡಿದಳು, ಯಾರೂ ಎದ್ದಿರಲಿಲ್ಲ. ಮತ್ತೆ ಕಿವಿಗೆ ಕೈ ಹಿಡಿದಳು. "ಉಳಿದೀನಿ. ಉಳಿದೀನಿ." ಒದ್ದೆ ಬಟ್ಟೆಯನ್ನು ಕಿವಿಗೆ ಹಿಡಿದಳು. "ಉಳಿದೀನಿ." ಓಡಿಹೋಗಿ ಚಿಗರಿಯ ಕಾಲಿಗೆ ಕಿವಿಯಿಟ್ಟಳು. ಅಲ್ಲಿ ಒಂದು ದನಿಯಲ್ಲ, ಸಾವಿರ ದನಿ. "ಉಳಿದೀವಿ. ತಿನ್ನೋಣ, ಬೆಳೆಯೋಣ." ಬಟ್ಟೆ ಬಿಚ್ಚಿದಳು. ಕೆಂಪು ಗೆರೆ ಆಗಲೇ ಮಂಡಿ ದಾಟಿತ್ತು.

ಮನೆಗೆ ಓಡಿ ಗೂಡಿನಲ್ಲಿಟ್ಟ ಕುಡಿಕೆ ತಂದು ಆ ಗುಟುಕನ್ನು ಮಗಳ ಬಾಯಿಗೆ ಸುರಿದಳು. ಕಿವಿಯಿಟ್ಟು ಕಾದಳು. ಹಾಡು ತಡವರಿಸಲಿಲ್ಲ. ಒಳಗಿನಿಂದ ಮೊಂಡ ಸಮಾಧಾನವಾಗಿ ಹೇಳಿದ, "ಈ ರುಚಿ ನಮಗೆ ಗೊತ್ತು ದ್ಯಾವಿ. ನೀನೇ ತೋರಿಸಿದ್ದು."

ಅಷ್ಟರಲ್ಲಿ ಗವಿಯ ಆ ಕಡೆಯಿಂದ ಕೆಂಚಿ ಕೂಗಿಕೊಂಡಳು. ಎಳೆಗೂಸಿನ ಕುತ್ತಿಗೆಯಿಂದ ಎದೆಯ ಕಡೆಗೆ ಕೆಂಪು ಗೆರೆ ಇಳಿದಿತ್ತು. ಕುತ್ತಿಗೆಗೂ ಎದೆಗೂ ಎಷ್ಟು ದೂರ? ಅಷ್ಟು ಸಣ್ಣ ಮೈಯಲ್ಲಿ ದೂರವೇ ಇರಲಿಲ್ಲ. ದ್ಯಾವಿ ಹತ್ತಿರ ಹೋಗುವಷ್ಟರಲ್ಲಿ ಕೂಸು ಅಳುವುದನ್ನು ನಿಲ್ಲಿಸಿತ್ತು.

ಕೆಂಚಿ ಮಗುವನ್ನು ಅವಳ ಕಡೆ ಚಾಚಿದಳು. "ಮುಟ್ಟಕ್ಕಾ, ಒಂದ್ಸಲ ಮುಟ್ಟು. ನಿನ್ನ ಕೈ ತಾಗಿದ್ರೆ..." ದ್ಯಾವಿ ತನ್ನ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ಅವಳಿಗೆ ಅಷ್ಟು ಭಯ ಜೀವಮಾನದಲ್ಲಿ ಎಂದೂ ಆಗಿರಲಿಲ್ಲ. ತನ್ನ ಕೈಗೇ ಅವಳು ಹೆದರಿದ್ದಳು.

ಬಿಸಿಲಿನಲ್ಲಿ ಬರಿಗಾಲಲ್ಲಿ ಓಡಿದಳು. ಬೂಷ್ಟಜ್ಜಿ ಕುಂಬಳದ ಮೇಲೆ ಮುದುಡಿ ಕೂತಿದ್ದಳು. ಅವಳ ಸುತ್ತಲಿನ ಸದ್ದಿಲ್ಲದ ಜಾಗ ಈಗ ಬಳೆಯಷ್ಟಿರಲಿಲ್ಲ, ಉಂಗುರದಷ್ಟಾಗಿತ್ತು.

"ತಳ ಕಂಡೆಯಾ?" ಎಂದು ಕೇಳಿದಳು ಅಜ್ಜಿ.

"ಒಂದು ಗುಟುಕು ಎತ್ತಿಟ್ಟಿದ್ದೆ ಅಜ್ಜಿ," ಎಂದಳು ದ್ಯಾವಿ.

"ನೋಡು, ಇಲ್ಲಿಗೂ ಬಂದಿದಾರೆ," ಎಂದಳು ಬೂಷ್ಟಜ್ಜಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ನಡುಕವಿತ್ತು. "ನಿಮ್ಮ ಮನೆಗಳಲ್ಲಿ ಪಕ್ಕದೋರಿಗೆ ಮೊಸರಿನ ಹೆಪ್ಪು ಕೊಡ್ತೀರಲ್ಲ, ಹಾಗೆ ಮೊಂಡ ತನ್ನ ಕವಚದ ಚೂರನ್ನ ಸಿಕ್ಕಿದೋರಿಗೆಲ್ಲ ಕೊಡ್ತಿದಾನೆ. ಬೇರೆ ಕುಲದೋರಿಗೂ ಕೊಡ್ತಿದಾನೆ. ಅವರ ಮೇಲೆ ನನ್ನ ಕಹಿ ಇನ್ನು ನಡೆಯಲ್ಲ."

"ಹಂಗಾರೆ ನನ್ನ ಮಗಳು?"

ಅಜ್ಜಿ ನೆಲದ ಕಡೆ ಬೆರಳು ತೋರಿಸಿದಳು. "ನನಗೊಬ್ಬಳು ತಂಗಿ ಇದಾಳೆ, ಮಣ್ಣಿನ ಒಳಗೆ. ಮೊದಲ ಮಳೆಗೆ ಘಮ್ ಅಂತ ವಾಸನೆ ಬರುತ್ತಲ್ಲ, ಅದು ಅವಳ ಉಸಿರು. ಅವಳ ಕಹಿ ಬೇರೆ, ನನ್ನದಕ್ಕಿಂತ ಖಾರ. ಮೊಂಡನಿಗೆ ಅದರ ರುಚಿ ಗೊತ್ತಿಲ್ಲ. ಆದರೆ ದ್ಯಾವಿ, ಅದು ಕಿವಿ ಸುಡುತ್ತೆ. ಕುಡಿದೋರಿಗೆ ಕಣ್ಣಿಗೆ ಕಾಣದವರ ಮಾತು ಮತ್ತೆ ಕೇಳಿಸಲ್ಲ. ಹೊಳೆ, ಗಾಳಿ, ನಾನು, ಯಾರ ಮಾತೂ ಕೇಳಿಸಲ್ಲ. ಅವರ ಮಕ್ಕಳಿಗೂ ಕೇಳಿಸಲ್ಲ."

"ಕೇಳದಿದ್ರೆ ಬ್ಯಾಡ," ಎಂದಳು ದ್ಯಾವಿ. "ಮಗಳು ಇರಲಿ."

"ಸರಿಯಾಗಿ ಯೋಚನೆ ಮಾಡು. ಇವತ್ತು ನಿನ್ನ ಕೈ ಮೇಲೆ ಯಾರಿದಾರೆ ಅಂತ ನಿನ್ನ ಕಿವಿ ಹೇಳ್ತು. ನಾಳೆ ಯಾರು ಹೇಳ್ತಾರೆ?"

ದ್ಯಾವಿ ಮೊಣಕಾಲೂರಿ ಉಗುರು ಕಿತ್ತುಹೋಗುವ ಹಾಗೆ ನೆಲ ಅಗೆದಳು. ಮಣ್ಣಿನ ಒಳಗಿದ್ದ ತಂಗಿ ಒಂದು ಮಡಕೆ ಮದ್ದು ಕೊಟ್ಟಳು. "ಇದೂ ತಪ್ಪಿದರೆ ನನ್ನ ಹಿಂದೆ ಇನ್ಯಾರೂ ಇಲ್ಲ" ಎಂದಷ್ಟೇ ಕೊನೆಗೆ ಹೇಳಿದಳು.

ದ್ಯಾವಿ ಹೊಳೆಯಲ್ಲಿ ಕೈ ತೊಳೆದಳು. ಬೂದಿ ಹಚ್ಚಿ ಉಜ್ಜಿದಳು, ಕಿವಿಗೆ ಹಿಡಿದು ಕೇಳಿದಳು, ಮತ್ತೆ ಉಜ್ಜಿದಳು. ಅಂಗೈಯಲ್ಲಿ ಸದ್ದಡಗುವವರೆಗೂ ಉಜ್ಜಿದಳು. ಆ ಹಳೆಯ ಬಟ್ಟೆಯನ್ನು ಬೆಂಕಿಗೆ ಹಾಕಿದಳು. ಆಮೇಲೆ ಗವಿಯಲ್ಲಿ ಗೆರೆ ಹತ್ತಿದ್ದ ಎಲ್ಲರಿಗೂ ಮಣ್ಣಿನ ಮದ್ದು ಕುಡಿಸಿದಳು, ತನ್ನೊಳಗೂ ಒಬ್ಬ ಹೊಕ್ಕಿರಬಹುದೆಂದು ತಾನೂ ಕುಡಿದಳು. ಒಬ್ಬರಿಗೆ ಕುಡಿಸಿ ಇನ್ನೊಬ್ಬರ ಹತ್ತಿರ ಹೋಗುವ ಮುಂಚೆ ಪ್ರತಿ ಸಲವೂ ಕೈ ತೊಳೆದಳು.

ಚಿಗರಿಯ ಗೆರೆ ಹೊಟ್ಟೆ ಮುಟ್ಟಿತ್ತು. ಅಲ್ಲೇ ನಿಂತಿತು. ಆಮೇಲೆ ಇಳಿಯತೊಡಗಿತು.

ಗೆರೆ ಇಳಿದ ಹಾಗೆ ದ್ಯಾವಿಯ ಕಿವಿಯಲ್ಲಿ ಲೋಕದ ಸದ್ದುಗಳು ಒಂದೊಂದಾಗಿ ಆರಿದವು. ಹೊಳೆ ಏನೋ ಹೇಳುತ್ತಿತ್ತು, ಅರ್ಧದಲ್ಲಿ ಅದು ಬರೀ ನೀರಿನ ಸದ್ದಾಯಿತು. ಗಾಳಿ ಅವಳ ಹೆಸರು ಹಿಡಿದು ಕೂಗಿದ, ಕೊನೆಯ ಅಕ್ಷರ ಬರೀ ಸುಯ್ ಎಂದಿತು. ಚಿಗರಿ ಕಣ್ಣು ಬಿಟ್ಟು "ಅವ್ವಾ, ಯಾಕೆ ಎಲ್ಲರೂ ಸುಮ್ಮನಾದರು?" ಎಂದು ಕೇಳಿದಳು.

ದ್ಯಾವಿ ಮಗಳ ಕಾಲನ್ನು ಕಿವಿಗೆ ಹಿಡಿದಳು. ಏನೂ ಕೇಳಿಸಲಿಲ್ಲ.

ಹಾಡು ನಿಂತಿದೆಯೋ, ತನಗೆ ಕೇಳಿಸುತ್ತಿಲ್ಲವೋ? ಒಳಗೆ ಎಲ್ಲರೂ ಸತ್ತಿದ್ದಾರೋ, ಒಬ್ಬ ಏದುಸಿರು ಬಿಡುತ್ತಾ ಕೂತಿದ್ದಾನೋ? ಹೇಳುವವರು ಯಾರೂ ಇರಲಿಲ್ಲ. ಅಜ್ಜಿ ಕೇಳಿದ ಪ್ರಶ್ನೆ ಅವಳಿಗೆ ಆಗ ಅರ್ಥವಾಯಿತು.

ಚಿಗರಿ ಎದ್ದು ನಡೆದಾಡಿದಳು. ಮಡಕೆಯಲ್ಲಿ ಒಂದು ಗುಟುಕು ಉಳಿದಿತ್ತು. ಊರಿನವರೆಲ್ಲ ಗವಿಯ ಬಾಯಲ್ಲಿ ನಿಂತು ನೋಡುತ್ತಿದ್ದರು. ಕೆಂಚಿ ಖಾಲಿ ಮಡಿಲಿನೊಂದಿಗೆ ನಿಂತಿದ್ದಳು. ದ್ಯಾವಿ ಮಗಳ ಬಾಯಿಗೆ ಮಡಕೆ ಎತ್ತಿದಳು. ಮಗಳು ಅತ್ತಳು, ಆದರೂ ಎತ್ತಿದಳು. ಕೊನೆಯ ತೊಟ್ಟು ಹೋಯಿತು. ಈರವ್ವ ಕಣ್ಣು ಮುಚ್ಚಿಕೊಂಡಳು.

ದ್ಯಾವಿ ಮಡಕೆಯನ್ನು ಬಿಸಿಲಿಗೆ ಹಿಡಿದು ಒಳಗೆ ನೋಡಿದಳು. ಬಂಡೆಹಟ್ಟಿಯಲ್ಲಿ ಆ ಬೇಸಿಗೆಯಿಂದೀಚೆಗೆ ಮೊದಲ ಸಲ ಎಲ್ಲರ ಕಣ್ಣೆದುರು ಒಂದು ಪಾತ್ರೆಯ ತಳ ಕಂಡಿತು. "ಮುಗೀತು" ಎಂದಳು.

ಕೆಂಚಿಯ ಹತ್ತಿರ ಹೋಗಿ, ತೊಳೆದ ಕೈಗಳನ್ನು ಅವಳ ಮುಂದೆ ಹಿಡಿದಳು. ಕೆಂಚಿ ಆ ಕೈಗಳನ್ನು ಬಹಳ ಹೊತ್ತು ನೋಡಿದಳು. ಹಿಡಿದುಕೊಳ್ಳಲಿಲ್ಲ. ಆದರೆ ಮರುದಿನ ಗವಿಯ ಬಾಯಲ್ಲಿ ಒಂದು ಕೊಡ ನೀರು, ಒಂದು ಹಿಡಿ ಬೂದಿ ತಂದಿಟ್ಟವಳು ಅವಳೇ. "ಒಬ್ಬರನ್ನ ಮುಟ್ಟಿ ಇನ್ನೊಬ್ಬರನ್ನ ಮುಟ್ಟೋ ಮುಂಚೆ ತೊಳ್ಕೊಳ್ಳಕ್ಕಾ," ಎಂದಳು. "ಪ್ರತೀ ಸಲಾನೂ."

ಮೊಂಡನ ಮಕ್ಕಳು ಎಲ್ಲರೂ ಸತ್ತರೇ? ಇಲ್ಲ ಪುಟ್ಟಾ. ಬಟ್ಟೆ ಸುಡುವ ಮುಂಚೆಯೇ ಕೆಲವರು ಯಾರದೋ ಬೆರಳು ಹಿಡಿದು, ಯಾರದೋ ಸೆರಗು ಹಿಡಿದು ಹೊರಟುಹೋಗಿದ್ದರು. ಈಗಲೂ ಇದ್ದಾರೆ. ಕಾಯಿಲೆಯವರು ಸಾಲಾಗಿ ಮಲಗಿರುವ ಕಡೆ ಅವರಿಗೆ ಹೆಚ್ಚು ಇಷ್ಟ. ಯಾರಾದರೂ ಒಂದು ಗುಟುಕು ಬಿಡುತ್ತಾರೇನೋ ಎಂದು ಕಾಯುತ್ತಾ, ಅವರು ಉಳಿದೀವಿ, ಉಳಿದೀವಿ ಎನ್ನುತ್ತಲೇ ಇದ್ದಾರೆ. ಆ ಮದ್ದು ಕುಡಿದವರ ಮಕ್ಕಳ ಮಕ್ಕಳು ನಾವು, ನಮಗೆ ಕೇಳಿಸುವುದಿಲ್ಲ, ಅಷ್ಟೆ.

ಅದಕ್ಕೇ ಇವತ್ತಿಗೂ ಆಸ್ಪತ್ರೆಯಲ್ಲಿ ನರ್ಸಮ್ಮ ಪಕ್ಕದ ಮಂಚದಿಂದ ನಿನ್ನ ಮಂಚಕ್ಕೆ ಬರುವ ಮುಂಚೆ ಕೈ ಉಜ್ಜಿ ಉಜ್ಜಿ ತೊಳೆಯುತ್ತಾಳೆ, ಮತ್ತೆ ನಿನಗೆ ಜ್ವರ ಬಿಟ್ಟು ನೀನು ಆಟಕ್ಕೆ ಓಡಿದರೂ, ಡಾಕ್ಟರು ಹೇಳಿದಷ್ಟೂ ದಿನ ಅಮ್ಮ ನಿನ್ನನ್ನು ಹಿಡಿದು ಕೂರಿಸಿ ಆ ಕಹಿ ಔಷಧಿ ಕುಡಿಸುತ್ತಾಳೆ, ಕೊನೆಗೆ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಳ ಕಂಡಿತೇ ಎಂದು ನೋಡುತ್ತಾಳೆ.